ಕಾನ್ಫರೆನ್ಸ್ ಸೇರದೆ ನೋಟರ್ ಡೇಮ್ ಗಳಿಸಿದ್ದೇನು, ಕಳೆದುಕೊಂಡದ್ದೇನು?

ಇಂಡಿಯಾನಾ ನಿವಾಸಿ (ಚರ್ಚೆ ಆರಂಭಿಸಿದವರು)

ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವವರು ಇಲ್ಲಿ ಕೆಲವರಾದರೂ ಇದ್ದೀರಿ ಎಂಬ ನಂಬಿಕೆಯಿಂದ ಕೇಳುತ್ತಿದ್ದೇನೆ. ಸೌತ್ ಬೆಂಡ್ ಊರಿಗೆ ಅಂಟಿಕೊಂಡಿರುವ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಫುಟ್‌ಬಾಲಿನಲ್ಲಿ ಯಾವ ಕಾನ್ಫರೆನ್ಸಿಗೂ ಸೇರದೆ ಸ್ವತಂತ್ರವಾಗಿ ಆಡುತ್ತದೆ. 2024ರ ಋತುವಿನಲ್ಲಿ ಅದು ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಅದರ ಊರಿನಲ್ಲೇ 23–13ರಿಂದ ಮಣಿಸಿತು; ಮರುವಾರವೇ, ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ನಾರ್ದರ್ನ್ ಇಲಿನಾಯ್ ತಂಡಕ್ಕೆ ತನ್ನ ಮೈದಾನದಲ್ಲೇ 16–14ರಿಂದ ಸೋತಿತು; ಆಮೇಲೆ ಉಳಿದ ಹತ್ತೂ ಪಂದ್ಯಗಳನ್ನು ಗೆದ್ದು, ರಾಷ್ಟ್ರೀಯ ಪ್ರಶಸ್ತಿಗಾಗಿ ಹನ್ನೆರಡು ಆಯ್ದ ತಂಡಗಳು ಸೋತವರು ಹೊರಗೆ ಎಂಬಂತೆ ಆಡುವ ಪ್ಲೇಆಫ್‌ನಲ್ಲಿ ಇಂಡಿಯಾನಾ, ಜಾರ್ಜಿಯಾ ಮತ್ತು ಪೆನ್ ಸ್ಟೇಟ್ ತಂಡಗಳನ್ನು ದಾಟಿ ಫೈನಲ್ ತಲುಪಿತು. ಅಲ್ಲಿ ಓಹಾಯೋ ಸ್ಟೇಟ್ ಎದುರು 34–23ರಿಂದ ಸೋತದ್ದು ಬೇರೆ ಮಾತು. 2025ರಲ್ಲಿ ಮೊದಲ ಎರಡು ಪಂದ್ಯ ಸೋತು ಮುಂದಿನ ಹತ್ತನ್ನು ಗೆದ್ದರೂ ಆಯ್ಕೆ ಸಮಿತಿ ಅದನ್ನು ಹನ್ನೆರಡು ತಂಡಗಳ ಪಟ್ಟಿಯಿಂದ ಹೊರಗಿಟ್ಟಿತು.

ನನ್ನ ಪ್ರಶ್ನೆ ಇಷ್ಟೇ: ಒಂಟಿಯಾಗಿ ಆಡುವುದು ಈ ತಂಡಕ್ಕೆ ಈಗಲೂ ಲಾಭದ ದಾರಿಯೇ, ಅಥವಾ ಹಳೆಯ ಪ್ರತಿಷ್ಠೆಗೆ ಕಟ್ಟುಬಿದ್ದ ಹಟವೇ?

ದಾವಣಗೆರೆ ಓದುಗ

ಸರ್, ನಮ್ಮಂಥವರಿಗೂ ಅರ್ಥವಾಗುವಂತೆ ಕಾನ್ಫರೆನ್ಸ್ ಎಂದರೇನು ಎಂಬುದನ್ನು ಮೊದಲು ತಿಳಿಸಿದರೆ ಉಪಕಾರವಾಗುತ್ತದೆ. ನಮ್ಮ ಕಡೆ ಫುಟ್‌ಬಾಲ್ ಎಂದರೆ ಕಾಲಿನಲ್ಲಿ ಆಡುವ ಆಟ ಮಾತ್ರ.

ಮಿಚಿಗನ್ ಕನ್ನಡಿಗ

ಇಲ್ಲಿನ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಕಾನ್ಫರೆನ್ಸ್ ಎಂದರೆ ಒಪ್ಪಂದ ಮಾಡಿಕೊಂಡ ವಿಶ್ವವಿದ್ಯಾಲಯಗಳ ಒಂದು ಕೂಟ. ಹನ್ನೆರಡು ಪಂದ್ಯಗಳ ಋತುವಿನಲ್ಲಿ ಎಂಟೋ ಒಂಬತ್ತೋ ಪಂದ್ಯಗಳು ಆ ಕೂಟದ ಒಳಗೇ ನಡೆಯುತ್ತವೆ, ಮುಂಚೂಣಿಯ ಎರಡು ತಂಡಗಳು ಡಿಸೆಂಬರ್ ಮೊದಲ ವಾರಾಂತ್ಯದಲ್ಲಿ ಕೂಟದ ಪ್ರಶಸ್ತಿಗಾಗಿ ಆಡುತ್ತವೆ, ಟಿವಿಯಿಂದ ಬರುವ ಹಣವನ್ನು ಸದಸ್ಯರು ಹಂಚಿಕೊಳ್ಳುತ್ತಾರೆ. ಸ್ವತಂತ್ರ ತಂಡಕ್ಕೆ ಇದಾವುದೂ ಇಲ್ಲ. ಹನ್ನೆರಡು ಎದುರಾಳಿಗಳನ್ನೂ ಅದು ತಾನೇ ಹುಡುಕಿ ಒಪ್ಪಿಸಬೇಕು. ಮೇಲಿನ ದರ್ಜೆಯಲ್ಲಿ 2024ರಲ್ಲಿ ಇಂಥ ತಂಡಗಳು ಮೂರೇ ಉಳಿದಿದ್ದವು: ನೋಟರ್ ಡೇಮ್, ಕನೆಕ್ಟಿಕಟ್ ಮತ್ತು ಮ್ಯಾಸಚೂಸೆಟ್ಸ್. ಸೇನಾ ಅಕಾಡೆಮಿಯ ಆರ್ಮಿ ತಂಡ ಅದೇ ವರ್ಷ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸಿಗೆ ಹೋಯಿತು. 2025ರಲ್ಲಿ ಮ್ಯಾಸಚೂಸೆಟ್ಸ್ ಕೂಡ ಮಿಡ್-ಅಮೆರಿಕನ್ ಕಾನ್ಫರೆನ್ಸ್ ಸೇರಿದ್ದರಿಂದ ಈಗ ಇಬ್ಬರೇ.

ಲೆಕ್ಕಿಗ

ಪ್ರಶ್ನೆಗೆ ಉತ್ತರ ಹಣದಲ್ಲಿದೆ. 2024ರ ಪ್ಲೇಆಫ್‌ಗೆ ಪ್ರವೇಶ ಪಡೆದ ತಂಡಕ್ಕೆ 40 ಲಕ್ಷ ಡಾಲರ್, ಕ್ವಾರ್ಟರ್ ಫೈನಲ್ ತಲುಪಿದರೆ ಇನ್ನೂ 40 ಲಕ್ಷ, ಸೆಮಿಫೈನಲಿಗೆ 60 ಲಕ್ಷ, ಫೈನಲಿಗೆ 60 ಲಕ್ಷ. ಒಟ್ಟು 2 ಕೋಟಿ ಡಾಲರ್. ಕಾನ್ಫರೆನ್ಸಿನ ತಂಡ ಗೆದ್ದಾಗ ಈ ಹಣ ಕಾನ್ಫರೆನ್ಸಿಗೆ ಹೋಗುತ್ತದೆ. ನೋಟರ್ ಡೇಮ್ ಇಡೀ ಮೊತ್ತವನ್ನು ತಾನೊಬ್ಬನೇ ಇಟ್ಟುಕೊಂಡಿತು. ಇಷ್ಟಾದ ಮೇಲೂ ಅದು ಯಾರ ಮನೆಗೆ ಯಾಕೆ ಬಾಡಿಗೆಗೆ ಹೋಗಬೇಕು?

ಮಿಚಿಗನ್ ಕನ್ನಡಿಗ

ಅದು ಫೈನಲ್ ತಲುಪಿದ ವರ್ಷದ ಲೆಕ್ಕ. 2025ರಲ್ಲಿ ಆಯ್ಕೆಯಾಗದ ತಂಡಕ್ಕೆ ಈ ಬಾಬತ್ತಿನಲ್ಲಿ ಬಂದದ್ದೆಷ್ಟು ಎಂಬುದನ್ನೂ ಲೆಕ್ಕಿಗರು ಹೇಳಬೇಕಿತ್ತು. ಬಿಗ್ ಟೆನ್ ಅಥವಾ ಎಸ್‌ಇಸಿ ಎಂಬ ದೊಡ್ಡ ಕಾನ್ಫರೆನ್ಸುಗಳಲ್ಲಿರುವ ತಂಡ ಹನ್ನೆರಡರಲ್ಲಿ ಎಂಟು ಪಂದ್ಯ ಸೋತರೂ ಅದರ ಪಾಲಿನ ಟಿವಿ ಹಣ ತಪ್ಪುವುದಿಲ್ಲ. ನೋಟರ್ ಡೇಮ್‌ಗೆ ಎನ್‌ಬಿಸಿ ವಾಹಿನಿಯೊಂದಿಗೆ 1991ರಿಂದ ಪ್ರತ್ಯೇಕ ಒಪ್ಪಂದ ಇದೆ ನಿಜ, ಆದರೆ ದೊಡ್ಡ ಎರಡು ಕಾನ್ಫರೆನ್ಸುಗಳ ಸದಸ್ಯರಿಗೆ ಸಿಗುವ ಪಾಲನ್ನು ಅದು ಮುಟ್ಟುವುದಿಲ್ಲ.

ಶಿವಮೊಗ್ಗ–ಶಿಕಾಗೋ

ಹಣದ ಮಾತು ಆಮೇಲೆ ಆಗಲಿ. 2024ರ ಪ್ಲೇಆಫ್ ನಿಯಮವೇ ಸ್ವತಂತ್ರ ತಂಡಕ್ಕೆ ಅನ್ಯಾಯ ಮಾಡಿತ್ತು. ಮೊದಲ ನಾಲ್ಕು ಶ್ರೇಯಾಂಕಗಳನ್ನೂ ಅವುಗಳ ಜೊತೆ ಬರುವ ಮೊದಲ ಸುತ್ತಿನ ವಿನಾಯಿತಿಯನ್ನೂ ಕಾನ್ಫರೆನ್ಸ್ ಚಾಂಪಿಯನ್ನರಿಗೆ ಮಾತ್ರ ಮೀಸಲಿಟ್ಟಿದ್ದರು. ನೋಟರ್ ಡೇಮ್ ಹನ್ನೆರಡಕ್ಕೆ ಹನ್ನೆರಡು ಗೆದ್ದು ದೇಶಕ್ಕೇ ಮೊದಲನೆಯದಾಗಿದ್ದರೂ ಐದನೇ ಶ್ರೇಯಾಂಕದ ಮೇಲೆ ಹೋಗುವಂತಿರಲಿಲ್ಲ. ಆ ವರ್ಷ ಏಳನೆಯದಾಗಿ ಬಂದು ಡಿಸೆಂಬರ್ 20ರ ಚಳಿಯಲ್ಲಿ ಇಂಡಿಯಾನಾ ವಿರುದ್ಧ ಆಡಿತು. ಅದು ಈ ಹನ್ನೆರಡು ತಂಡಗಳ ಪ್ಲೇಆಫ್‌ನ ಮೊಟ್ಟಮೊದಲ ಪಂದ್ಯ. ನೋಟರ್ ಡೇಮ್‌ನ ಜೆರೆಮಯಾ ಲವ್ 98 ಗಜ ಓಡಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಗಳಿಸಿದ್ದು ಅಲ್ಲಿಯೇ.

ನಿಧಾನಸ್ಥ

ಆ ವಿನಾಯಿತಿ ಪಡೆದ ನಾಲ್ಕು ತಂಡಗಳ ಗತಿ ಏನಾಯಿತು? ಆರಿಗನ್, ಜಾರ್ಜಿಯಾ, ಬಾಯ್ಸಿ ಸ್ಟೇಟ್, ಅರಿಜೋನಾ ಸ್ಟೇಟ್ ನಾಲ್ಕೂ ತಮ್ಮ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಹೋದವು. ಸಿಗದೇ ಹೋದದ್ದು ಅಂಥ ದೊಡ್ಡ ವರವೇನೂ ಆಗಿರಲಿಲ್ಲ.

ಶಿವಮೊಗ್ಗ–ಶಿಕಾಗೋ

ಒಂದು ವರ್ಷದ ಫಲಿತಾಂಶದಿಂದ ನಿಯಮ ನ್ಯಾಯವಾಗುವುದಿಲ್ಲ. 2025ಕ್ಕೆ ಆ ನಿಯಮವನ್ನೇ ಕೈಬಿಟ್ಟು ಶ್ರೇಯಾಂಕಗಳನ್ನು ನೇರ ಕ್ರಮದಲ್ಲಿ ಕೊಡಲು ಒಪ್ಪಿದರಲ್ಲ, ಅದರಲ್ಲೇ ಉತ್ತರವಿದೆ.

ಕಾರವಾರದಾಕೆ

ಇಲ್ಲಿ ಎಲ್ಲರೂ ಸ್ವಾತಂತ್ರ್ಯದಿಂದ ಆದ ನಷ್ಟದ ಬಗ್ಗೆಯೇ ಬರೆಯುತ್ತಿದ್ದೀರಿ. 2024ರ ಡಿಸೆಂಬರ್ ಮೊದಲ ಶನಿವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ನೆನಪಿಸುತ್ತೇನೆ. ಎಸ್‌ಇಸಿ ಪ್ರಶಸ್ತಿ ಪಂದ್ಯದಲ್ಲಿ ಜಾರ್ಜಿಯಾ ತಂಡ ಟೆಕ್ಸಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 22–19ರಿಂದ ಗೆದ್ದಿತು, ಆದರೆ ಆ ಪಂದ್ಯದಲ್ಲೇ ಅದರ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಮುಖ್ಯ ಆಟಗಾರ) ಕಾರ್ಸನ್ ಬೆಕ್ ಚೆಂಡೆಸೆಯುವ ತೋಳಿನ ಮೊಣಕೈಗೆ ಪೆಟ್ಟು ಮಾಡಿಕೊಂಡು ಆ ಋತುವಿನಿಂದಲೇ ಹೊರಬಿದ್ದರು. ಮುಂದೆ ಕ್ವಾರ್ಟರ್ ಫೈನಲ್ ಆಗಿದ್ದ ಶುಗರ್ ಬೌಲ್‌ನಲ್ಲಿ (ಬೌಲ್ ಎಂದರೆ ಋತುವಿನ ಕೊನೆಗೆ ನಡೆಯುವ ವಿಶೇಷ ಪಂದ್ಯ) ನೋಟರ್ ಡೇಮ್ ಎದುರಿಸಿದ್ದು ಆ ಜಾರ್ಜಿಯಾವನ್ನು, ಅಂದರೆ ಅದೇ ಮೊದಲ ಬಾರಿಗೆ ಆರಂಭದಿಂದ ಆಡಲಿಳಿದ ಗನ್ನರ್ ಸ್ಟಾಕ್ಟನ್ ಎಂಬ ಹುಡುಗನ ಜಾರ್ಜಿಯಾವನ್ನು. ನ್ಯೂ ಆರ್ಲಿಯನ್ಸಿನ ಬರ್ಬನ್ ಸ್ಟ್ರೀಟ್ ದಾಳಿಯ ಕಾರಣ ಒಂದು ದಿನ ಮುಂದೂಡಲಾದ ಆ ಪಂದ್ಯವನ್ನು ನೋಟರ್ ಡೇಮ್ 23–10ರಿಂದ ಗೆದ್ದಿತು. ಉತ್ತರಾರ್ಧ ಆರಂಭವಾದ ತಕ್ಷಣ ಜೇಡನ್ ಹ್ಯಾರಿಸನ್ ಕಿಕ್ ಹಿಡಿದು 98 ಗಜ ಓಡಿದ್ದನ್ನು ನೋಡಿದವರು ಮರೆತಿರಲಾರರು.

ಜಾರ್ಜಿಯಾಕ್ಕೆ ಕೂಟದ ಕಿರೀಟ ಸಿಕ್ಕಿತು, ಕ್ವಾರ್ಟರ್‌ಬ್ಯಾಕ್ ಹೋದರು. ಅದೇ ವಾರಾಂತ್ಯದಲ್ಲಿ ನೋಟರ್ ಡೇಮ್ ಆಟಗಾರರು ವಿಶ್ರಾಂತಿಯಲ್ಲಿದ್ದರು. ಇನ್ನೊಂದು ಸಂಗತಿಯನ್ನು ಗಮನಿಸಿ: ಆ ವರ್ಷ ಫೈನಲ್ ಆಡಿದ ಎರಡು ತಂಡಗಳೂ ಕಾನ್ಫರೆನ್ಸ್ ಪ್ರಶಸ್ತಿ ಪಂದ್ಯ ಆಡಿರಲಿಲ್ಲ. ಓಹಾಯೋ ಸ್ಟೇಟ್ ಮಿಚಿಗನ್‌ಗೆ ಸೋತು ಬಿಗ್ ಟೆನ್ ಫೈನಲ್ ತಪ್ಪಿಸಿಕೊಂಡಿತ್ತು. ಡಿಸೆಂಬರಿನ ಆ ಪಂದ್ಯವಿಲ್ಲದಿರುವುದು ಕೊರತೆಯಲ್ಲ, ಅನುಕೂಲ ಎಂದು ನನ್ನ ವಾದ.

ಮಿಚಿಗನ್ ಕನ್ನಡಿಗ

13–10. ಓಹಾಯೋದವರ ಮುಂದೆ ಈ ಅಂಕಗಳನ್ನು ಹೇಳುವ ಸಂತೋಷ ನನಗೂ ಇರಲಿ.

ನಿಧಾನಸ್ಥ

ಕಾರವಾರದ ಮೇಡಂ ವಾದ ಅರ್ಧ ಸರಿ. ಉಳಿದರ್ಧ ನಾರ್ದರ್ನ್ ಇಲಿನಾಯ್ ಪಂದ್ಯದಲ್ಲಿದೆ. ಪಂದ್ಯಕ್ಕೆ ಮುಂಚೆ ಬಾಜಿಗಾರರು ನೋಟರ್ ಡೇಮ್ 28 ಅಂಕಗಳಿಗೂ ಹೆಚ್ಚು ಅಂತರದಿಂದ ಗೆಲ್ಲುತ್ತದೆ ಎಂದು ದರ ಕಟ್ಟಿದ್ದರು. ಕೊನೆಗೆ 31 ಸೆಕೆಂಡ್ ಇರುವಾಗ ಎದುರಾಳಿಗಳು ಹೊಡೆದ 35 ಗಜದ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಅಂಕ ಗಳಿಸುವುದು) ಎಲ್ಲವನ್ನೂ ತಲೆಕೆಳಗು ಮಾಡಿತು. ಅದೇ ಸೋಲು ಕಾನ್ಫರೆನ್ಸ್ ತಂಡಕ್ಕೆ ಆಗಿದ್ದರೆ, ಕೂಟದ ಒಳಗಿನ ಪಂದ್ಯಗಳನ್ನು ಗೆದ್ದು ಚಾಂಪಿಯನ್ ಆಗಿ ಹೇಗೋ ಒಳಗೆ ಬರಬಹುದಿತ್ತು. ಕ್ಲೆಮ್ಸನ್ ಅದೇ ವರ್ಷ ಮೂರು ಪಂದ್ಯ ಸೋತು ಎಸಿಸಿ ಎಂಬ ಕಾನ್ಫರೆನ್ಸಿನ ಫೈನಲಿನಲ್ಲಿ ಎಸ್‌ಎಂಯು ತಂಡವನ್ನು 34–31ರಿಂದ ಸೋಲಿಸಿ ನೇರ ಪ್ರವೇಶ ಪಡೆಯಿತು. ನೋಟರ್ ಡೇಮ್‌ಗೆ ಅಂಥ ಹಿಂಬಾಗಿಲು ಇಲ್ಲ. ಸೆಪ್ಟೆಂಬರ್ 7ರ ಸಂಜೆಯಿಂದ ನವೆಂಬರ್ 30ರವರೆಗೆ ಅದು ಆಡಿದ ಪ್ರತಿಯೊಂದು ಪಂದ್ಯವೂ, ಲಾಸ್ ಏಂಜಲೀಸಿನಲ್ಲಿ ಯುಎಸ್‌ಸಿ ವಿಶ್ವವಿದ್ಯಾಲಯದ ತಂಡದ ವಿರುದ್ಧ 49–35ರಿಂದ ಗೆದ್ದ ಕೊನೆಯ ಪಂದ್ಯವೂ ಸೇರಿ, ಒಂದು ಸೋತರೆ ಮುಗಿಯಿತು ಎಂಬಂಥದ್ದು. ಕೋಚ್ ಮಾರ್ಕಸ್ ಫ್ರೀಮನ್ ಆ ಹತ್ತು ಪಂದ್ಯಗಳುದ್ದಕ್ಕೂ ತಂಡವನ್ನು ಕುಸಿಯದಂತೆ ಹಿಡಿದಿಟ್ಟರು ಎಂಬುದೇ ನನಗೆ ಆ ಋತುವಿನ ದೊಡ್ಡ ಸಾಧನೆಯಾಗಿ ಕಾಣುತ್ತದೆ, ಫೈನಲ್ ಅಲ್ಲ.

ಪರ್ಡ್ಯೂ ಪೋಷಕರು

ಆ ಕೋಪವನ್ನೆಲ್ಲ ಮರುವಾರ ನಮ್ಮ ಮಕ್ಕಳು ಓದುವ ಪರ್ಡ್ಯೂ ಮೇಲೆ ತೀರಿಸಿಕೊಂಡರು. 66–7. ನಮ್ಮ ಮೈದಾನದಲ್ಲೇ. ವಿರಾಮದ ವೇಳೆಗೇ ಅಂಗಳ ಖಾಲಿಯಾಗತೊಡಗಿತ್ತೆಂದು ಮಗಳು ಫೋನಿನಲ್ಲಿ ಹೇಳಿದಳು. ಅವಳೂ ಬ್ಯಾಟರಿ ಉಳಿಸಿಕೊಳ್ಳುವ ನೆಪ ಹೇಳಿ ಬೇಗ ಹೊರಟಿದ್ದಳು.

ಹಳೆ ದಾಖಲೆ

ಚರ್ಚೆ ಎರಡೇ ವರ್ಷಗಳ ಸುತ್ತ ಸುತ್ತುತ್ತಿರುವುದರಿಂದ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಒಂದು ಕಾಲದಲ್ಲಿ ಸ್ವತಂತ್ರವಾಗಿರುವುದೇ ಬಲವಾಗಿತ್ತು. 1982ರಿಂದ 1989ರವರೆಗಿನ ಎಂಟು ಋತುಗಳಲ್ಲಿ ಆರರ ರಾಷ್ಟ್ರೀಯ ಪ್ರಶಸ್ತಿ ಸ್ವತಂತ್ರ ತಂಡಗಳ ಪಾಲಾಯಿತು: ಪೆನ್ ಸ್ಟೇಟ್ ಎರಡು ಬಾರಿ, ಮಯಾಮಿ ಮೂರು ಬಾರಿ, ನೋಟರ್ ಡೇಮ್ 1988ರಲ್ಲಿ ಒಮ್ಮೆ. ಅದಕ್ಕೊಂದು ಕಾರಣವೂ ಇತ್ತು. ಕಾನ್ಫರೆನ್ಸ್ ಚಾಂಪಿಯನ್ನರು ಇಂಥ ಬೌಲ್ ಪಂದ್ಯಕ್ಕೇ ಹೋಗಬೇಕೆಂಬ ಒಪ್ಪಂದಗಳಿಗೆ ಕಟ್ಟುಬಿದ್ದಿದ್ದರು. ಬಿಗ್ ಟೆನ್ ಚಾಂಪಿಯನ್ ರೋಸ್ ಬೌಲ್ ಬಿಟ್ಟು ಅಲುಗಾಡುವಂತಿರಲಿಲ್ಲ. 1986ರ ಋತುವಿನ ಕೊನೆಗೆ ಮೊದಲೆರಡು ಸ್ಥಾನದಲ್ಲಿದ್ದ ಮಯಾಮಿ ಮತ್ತು ಪೆನ್ ಸ್ಟೇಟ್ ಎರಡೂ ಸ್ವತಂತ್ರವಾಗಿದ್ದ ಕಾರಣದಿಂದಲೇ ಫಿಯೆಸ್ಟಾ ಬೌಲ್ ಅವೆರಡನ್ನೂ ಎದುರುಬದುರು ನಿಲ್ಲಿಸಲು ಸಾಧ್ಯವಾಯಿತು. 1987ರ ಜನವರಿ 2ರಂದು ಪೆನ್ ಸ್ಟೇಟ್ 14–10ರಿಂದ ಗೆದ್ದಿತು.

ಬದಲಾವಣೆಯ ಬೀಜ ಅದಕ್ಕೂ ಮೊದಲೇ ಬಿದ್ದಿತ್ತು. ಟಿವಿ ಪ್ರಸಾರದ ಮೇಲೆ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಗಿದ್ದ ಏಕಸ್ವಾಮ್ಯವನ್ನು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುರಿದ ಮೇಲೆ ಪ್ರಸಾರದ ಹಕ್ಕುಗಳನ್ನು ಗುಂಪಾಗಿ ಮಾರುವವರಿಗೆ ಬೆಲೆ ಬಂದಿತು. ಪೆನ್ ಸ್ಟೇಟ್ ಬಿಗ್ ಟೆನ್‌ಗೆ, ಫ್ಲಾರಿಡಾ ಸ್ಟೇಟ್ ಎಸಿಸಿಗೆ, ಮಯಾಮಿ ಬಿಗ್ ಈಸ್ಟ್‌ಗೆ ಹೋದವು. ಒಂಟಿಯಾಗಿಯೇ ತನ್ನ ಸರಕನ್ನು ಮಾರಬಲ್ಲೆ ಎಂಬ ಧೈರ್ಯ ಇದ್ದದ್ದು ನೋಟರ್ ಡೇಮ್ ಒಂದಕ್ಕೇ.

ಲೆಕ್ಕಿಗ

ಹಾಗಾದರೆ ಸ್ವತಂತ್ರವಾಗಿದ್ದು ದೇಶದ ಪ್ರಶಸ್ತಿ ಗೆದ್ದವರಲ್ಲಿ ನೋಟರ್ ಡೇಮ್‌ನ 1988ರ ತಂಡವೇ ಕೊನೆಯದು ಎಂದಾಯಿತು.

ಹಳೆ ದಾಖಲೆ

ಅಲ್ಲ. ಕೊನೆಯದು 1989ರ ಮಯಾಮಿ. 1991ರಲ್ಲಿ ಪ್ರಶಸ್ತಿ ಹಂಚಿಕೊಂಡಾಗ ಅದು ಬಿಗ್ ಈಸ್ಟ್ ಸದಸ್ಯನಾಗಿತ್ತು.

ಮದ್ದೂರಿನವ

ನನಗೆ ಈ ಆಟ ಹೆಚ್ಚು ಗೊತ್ತಿಲ್ಲ, ಆದರೆ ಓದುತ್ತಾ ಹೋದಂತೆ 2019ರ ಮಂಡ್ಯ ಲೋಕಸಭಾ ಚುನಾವಣೆ ನೆನಪಾಯಿತು. ಸುಮಲತಾ ಅವರು ಪಕ್ಷೇತರರಾಗಿ ನಿಂತು ಗೆದ್ದರು ಎನ್ನುತ್ತೇವೆ, ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲಿಸಿತ್ತು ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತೇವೆ. ನಿಮ್ಮ ತಂಡವೂ ಪೂರ್ತಿ ಸ್ವತಂತ್ರವೋ, ಬೆನ್ನ ಹಿಂದೆ ಯಾರಾದರೂ ಇದ್ದಾರೋ?

ಇಂಡಿಯಾನಾ ನಿವಾಸಿ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ನೋಟರ್ ಡೇಮ್ ಬ್ಯಾಸ್ಕೆಟ್‌ಬಾಲ್ ಸೇರಿದಂತೆ ಬಹುತೇಕ ಆಟಗಳಲ್ಲಿ 2013ರಿಂದ ಎಸಿಸಿ ಸದಸ್ಯ. ಫುಟ್‌ಬಾಲಿನಲ್ಲಿ ಸದಸ್ಯನಲ್ಲ, ಆದರೆ 2014ರಿಂದ ವರ್ಷಕ್ಕೆ ಸರಾಸರಿ ಐದು ಎಸಿಸಿ ತಂಡಗಳ ವಿರುದ್ಧ ಆಡುವ ಒಪ್ಪಂದವಿದೆ. 2024ರಲ್ಲಿ ಲೂಯಿವಿಲ್, ಸ್ಟ್ಯಾನ್‌ಫರ್ಡ್, ಜಾರ್ಜಿಯಾ ಟೆಕ್, ಫ್ಲಾರಿಡಾ ಸ್ಟೇಟ್ ಮತ್ತು ವರ್ಜೀನಿಯಾ ಆ ಲೆಕ್ಕದಲ್ಲಿ ಬಂದವು, ಐದನ್ನೂ ಗೆದ್ದಿತು. ಹನ್ನೆರಡು ಎದುರಾಳಿಗಳನ್ನು ಒಬ್ಬನೇ ಹುಡುಕುವ ಕಷ್ಟ ಅದಕ್ಕೆ ಅರ್ಧವಷ್ಟೇ.

ಶಿವಮೊಗ್ಗ–ಶಿಕಾಗೋ

ಆ ಅರ್ಧ ನೆಂಟಸ್ತಿಕೆಯೇ 2025ರಲ್ಲಿ ತಿರುಗಿ ಕಚ್ಚಿತು. ಕೊನೆಯ ಸ್ಥಾನಕ್ಕೆ ನೋಟರ್ ಡೇಮ್ ಜೊತೆ ಸ್ಪರ್ಧೆಯಲ್ಲಿದ್ದದ್ದು ಎಸಿಸಿಯ ಮಯಾಮಿ. ಎಸಿಸಿ ಸಹಜವಾಗಿಯೇ ತನ್ನ ಪೂರ್ಣ ಸದಸ್ಯನ ಪರ ಬಹಿರಂಗವಾಗಿ ನಿಂತು, ಋತುವಿನ ಆರಂಭದಲ್ಲಿ ಮಯಾಮಿ 27–24ರಿಂದ ನೋಟರ್ ಡೇಮ್ ತಂಡವನ್ನು ಸೋಲಿಸಿದ್ದನ್ನು ಎಲ್ಲರಿಗೂ ನೆನಪಿಸುತ್ತಾ ಹೋಯಿತು. ನೋಟರ್ ಡೇಮ್ ಕ್ರೀಡಾ ನಿರ್ದೇಶಕ ಪೀಟ್ ಬೆವಾಕ್ವಾ ಸಂಬಂಧಕ್ಕೆ ಶಾಶ್ವತ ಹಾನಿಯಾಗಿದೆ ಎಂದು ಬಹಿರಂಗವಾಗಿಯೇ ದೂರಿದರು. ಮನೆಯ ಸದಸ್ಯತ್ವ ಬೇಡ ಎಂದವರು ಮನೆಯವರ ಪಕ್ಷಪಾತವನ್ನು ನಿರೀಕ್ಷಿಸಬಾರದು ಎಂಬುದು ನನ್ನ ಅಭಿಪ್ರಾಯ.

ಕಾರವಾರದಾಕೆ

ಅಭಿಪ್ರಾಯ ನಿಮ್ಮದು, ಆದರೆ ಶ್ರೇಯಾಂಕಗಳು ಸರಿದ ರೀತಿಯನ್ನೂ ನೋಡಬೇಕಲ್ಲ. ಆಯ್ಕೆ ಸಮಿತಿಯ ನವೆಂಬರ್ ಕೊನೆಯ ವಾರದ ಪಟ್ಟಿಯಲ್ಲಿ ನೋಟರ್ ಡೇಮ್ ಒಂಬತ್ತನೆಯದು. ಆಮೇಲೆ ಸ್ಟ್ಯಾನ್‌ಫರ್ಡ್ ತಂಡವನ್ನು 49–20ರಿಂದ ಸೋಲಿಸಿ ಹತ್ತಕ್ಕೆ ಇಳಿಯಿತು. ಅದರ ಮುಂದಿನ ವಾರ ಆಡಲೇ ಇಲ್ಲ, ಹನ್ನೊಂದಕ್ಕೆ ಇಳಿಯಿತು; ಕೊನೆಯ ಎರಡು ಜಾಗಗಳು ಕೆಳಗಿನ ಶ್ರೇಯಾಂಕದ ಕಾನ್ಫರೆನ್ಸ್ ಚಾಂಪಿಯನ್ನರಿಗೆ ಹೋದದ್ದರಿಂದ ಹೊರಗುಳಿಯಿತು. ಮಯಾಮಿ ಕೂಡ ಆ ವಾರ ಆಡಿರಲಿಲ್ಲ, ಹನ್ನೆರಡರಿಂದ ಹತ್ತಕ್ಕೆ ಏರಿತು. ಇಬ್ಬರೂ ಮನೆಯಲ್ಲಿ ಕುಳಿತಿದ್ದಾಗ ಒಬ್ಬರು ಏರಿ ಒಬ್ಬರು ಇಳಿಯುವುದು ಯಾವ ತರ್ಕ? ಎಸ್‌ಇಸಿ ಫೈನಲಿನಲ್ಲಿ ಜಾರ್ಜಿಯಾಕ್ಕೆ 28–7ರಿಂದ ಸೋತ ಅಲಬಾಮಾ ಮಾತ್ರ ಒಂಬತ್ತರಲ್ಲೇ ಭದ್ರವಾಗಿ ಉಳಿಯಿತು.

ನಿಧಾನಸ್ಥ

ತರ್ಕ ಇದೆ, ಇಷ್ಟವಾಗದಿರಬಹುದು. ಅದಕ್ಕೂ ಹಿಂದಿನ ಪಟ್ಟಿಯಲ್ಲಿ ನೋಟರ್ ಡೇಮ್ ಮತ್ತು ಮಯಾಮಿ ನಡುವೆ ಹನ್ನೊಂದನೆಯದಾಗಿ ಬ್ರಿಗಮ್ ಯಂಗ್ ತಂಡ ಇತ್ತು. ಅದು ಬಿಗ್ 12 ಫೈನಲಿನಲ್ಲಿ ಟೆಕ್ಸಸ್ ಟೆಕ್‌ಗೆ ಸೋತು ಕೆಳಗಿಳಿದ ಕೂಡಲೇ ಇವೆರಡೂ ಅಕ್ಕಪಕ್ಕ ಬಂದವು. ಅಕ್ಕಪಕ್ಕದ ಎರಡು ತಂಡಗಳನ್ನು ತೂಗುವಾಗ ಸಮಿತಿ ಅವೆರಡರ ನೇರ ಪಂದ್ಯವನ್ನು ತೆಗೆದು ನೋಡಿತು. ಎರಡಕ್ಕೂ ಹತ್ತು ಗೆಲುವು, ಎರಡು ಸೋಲು. ನೇರ ಪಂದ್ಯ ಮಯಾಮಿಯದು. ಆಮೇಲೆ ಮಯಾಮಿ ಫೈನಲ್‌ವರೆಗೂ ಹೋಯಿತು ಎಂಬುದನ್ನೂ ಮರೆಯಬೇಡಿ.

ನಿಜವಾದ ದುರದೃಷ್ಟ ಸೆಪ್ಟೆಂಬರ್ 13ರದ್ದು. ಟೆಕ್ಸಸ್ ಎ ಅಂಡ್ ಎಂ ವಿರುದ್ಧ ಟಚ್‌ಡೌನ್ ನಂತರದ ಒಂದು ಅಂಕದ ಕಿಕ್ಕನ್ನು ನೋಟರ್ ಡೇಮ್ ಕೆಡಿಸಿಕೊಂಡಿತು, ಎದುರಾಳಿಗಳು 13 ಸೆಕೆಂಡ್ ಇರುವಾಗ ಟಚ್‌ಡೌನ್ ಗಳಿಸಿ ತಮ್ಮ ಕಿಕ್ಕನ್ನು ಸರಿಯಾಗಿ ಹೊಡೆದರು. 41–40. ಆ ಒಂದು ಅಂಕಕ್ಕೆ ಕಾನ್ಫರೆನ್ಸ್ ಹೊಣೆಯಲ್ಲ, ಸಮಿತಿಯೂ ಹೊಣೆಯಲ್ಲ.

ಲೆಕ್ಕಿಗ

ಅದಾದ ಮೇಲೆ ಬೌಲ್ ಪಂದ್ಯವೇ ಬೇಡ ಎಂದು ಋತುವನ್ನು ಮುಗಿಸಿದರಲ್ಲ, ಅದನ್ನು ಸಮರ್ಥಿಸುವವರು ಇದ್ದಾರೆಯೇ?

ಪರ್ಡ್ಯೂ ಪೋಷಕರು

ನಾನು ಸಮರ್ಥಿಸುವುದಿಲ್ಲ. ಪದವಿ ಮುಗಿಸಿ ಹೋಗುವ, ವೃತ್ತಿಪರ ತಂಡಗಳಿಗೆ ಆಯ್ಕೆಯಾಗದ ಹುಡುಗರಿಗೆ ಅದು ಜೀವನದ ಕೊನೆಯ ಪಂದ್ಯವಾಗುತ್ತಿತ್ತು.

ಕಾರವಾರದಾಕೆ

ಆ ಹುಡುಗರನ್ನು ಯಾರೂ ಕೇಳದೆ ತೀರ್ಮಾನಿಸಿದರು ಎಂದು ನೀವು ಊಹಿಸುತ್ತಿದ್ದೀರಿ. ಅದಿರಲಿ, ಕಾನ್ಫರೆನ್ಸ್ ತಂಡಗಳಾದ ಐಯೋವಾ ಸ್ಟೇಟ್, ಕ್ಯಾನ್ಸಸ್ ಸ್ಟೇಟ್ ಕೂಡ ಆ ವರ್ಷ ಬೌಲ್ ಬೇಡ ಎಂದವು. ಸ್ವಾತಂತ್ರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಮಿಚಿಗನ್ ಕನ್ನಡಿಗ

ಮೂಲ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಸಾಕ್ಷ್ಯವನ್ನು ಯಾರೂ ಎತ್ತಲಿಲ್ಲ. ನೋಟರ್ ಡೇಮ್ ಒಂದೇ ಒಂದು ವರ್ಷ ಕಾನ್ಫರೆನ್ಸ್ ಸದಸ್ಯನಾಗಿ ಆಡಿದೆ. 2020ರಲ್ಲಿ ಕೋವಿಡ್ ಕಾರಣ ಕಾನ್ಫರೆನ್ಸುಗಳು ಹೊರಗಿನ ಪಂದ್ಯಗಳನ್ನು ಕೈಬಿಟ್ಟಾಗ ಅದಕ್ಕೆ ಎದುರಾಳಿಗಳೇ ಇಲ್ಲದಂತಾಗಿ, ಎಸಿಸಿ ಒಂದು ಋತುವಿಗೆ ಸೇರಿಸಿಕೊಂಡಿತು. ಹತ್ತಕ್ಕೆ ಹತ್ತು ಗೆದ್ದಿತು. ಕ್ಲೆಮ್ಸನ್ ತಂಡವನ್ನು ಎರಡು ಹೆಚ್ಚುವರಿ ಅವಧಿಗಳ ನಂತರ 47–40ರಿಂದ ಸೋಲಿಸಿದ್ದೂ ಅದರಲ್ಲಿ ಸೇರಿದೆ. ಡಿಸೆಂಬರಿನ ಎಸಿಸಿ ಫೈನಲಿನಲ್ಲಿ ಅದೇ ಕ್ಲೆಮ್ಸನ್‌ಗೆ 34–10ರಿಂದ ಸೋತಿತು. ಆದರೂ ನಾಲ್ಕು ತಂಡಗಳ ಪ್ಲೇಆಫ್‌ಗೆ ನಾಲ್ಕನೆಯದಾಗಿ ಆಯ್ಕೆಯಾಯಿತು. ಇದೇ ತಂಡ ಸ್ವತಂತ್ರವಾಗಿ ಹನ್ನೆರಡಕ್ಕೆ ಹನ್ನೆರಡು ಗೆದ್ದಾಗಲೂ, ಪ್ಲೇಆಫ್ ಇನ್ನೂ ಇಲ್ಲದಿದ್ದ 2012ರಲ್ಲಿ ನೇರ ರಾಷ್ಟ್ರೀಯ ಫೈನಲಿಗೆ, 2018ರಲ್ಲಿ ಪ್ಲೇಆಫ್‌ಗೆ ಆಯ್ಕೆಯಾಗಿತ್ತು. ಗೆಲ್ಲುತ್ತಾ ಹೋದರೆ ಎರಡೂ ದಾರಿ ಒಂದೇ ಕಡೆ ಸೇರುತ್ತವೆ. ವ್ಯತ್ಯಾಸ ಬರುವುದು ಎರಡು ಪಂದ್ಯ ಸೋತಾಗ ಮಾತ್ರ.

ಹಳೆ ದಾಖಲೆ

2020ರಲ್ಲಿ ಹಾಗೆ ಆಶ್ರಯ ಸಿಗದ ಸ್ವತಂತ್ರ ತಂಡ ಬ್ರಿಗಮ್ ಯಂಗ್. ವೇಳಾಪಟ್ಟಿಯ ಬಹುಪಾಲು ಕೈತಪ್ಪಿ, ಸಿಕ್ಕಸಿಕ್ಕವರ ಜೊತೆ ಹೊಸದಾಗಿ ಪಂದ್ಯ ಗೊತ್ತುಮಾಡಿಕೊಂಡು, ಡಿಸೆಂಬರಿನಲ್ಲಿ ಎರಡೇ ದಿನ ಮೊದಲು ನಿಗದಿಯಾದ ಪಂದ್ಯಕ್ಕಾಗಿ ಯೂಟಾದಿಂದ ಸೌತ್ ಕ್ಯಾರೊಲೈನಾಕ್ಕೆ ಹಾರಿ ಕೋಸ್ಟಲ್ ಕ್ಯಾರೊಲೈನಾ ಎದುರು 22–17ರಿಂದ ಸೋತಿತು. ಆ ಋತುವಿನಲ್ಲಿ ಅದರ ಏಕೈಕ ಸೋಲು ಅದು. 2011ರಿಂದ ಸ್ವತಂತ್ರವಾಗಿದ್ದ ಆ ತಂಡ 2023ರಲ್ಲಿ ಬಿಗ್ 12 ಸೇರಿತು. ಎಲ್ಲರಿಗೂ ನೋಟರ್ ಡೇಮ್‌ನ ಹೆಸರು, ಎನ್‌ಬಿಸಿ ಒಪ್ಪಂದ ಇರುವುದಿಲ್ಲ.

ದಾವಣಗೆರೆ ಓದುಗ

ಕನೆಕ್ಟಿಕಟ್ ಕಥೆ ಏನು ಸರ್? ಅದಕ್ಕೂ ಹಟವೇ?

ಹಳೆ ದಾಖಲೆ

ಅದರದು ಹಟವಲ್ಲ, ಬ್ಯಾಸ್ಕೆಟ್‌ಬಾಲ್. ಆ ಆಟಕ್ಕಾಗಿ ಬಿಗ್ ಈಸ್ಟ್‌ಗೆ ಮರಳಿತು, ಆ ಕಾನ್ಫರೆನ್ಸಿನಲ್ಲಿ ಈಗ ಫುಟ್‌ಬಾಲ್ ಇಲ್ಲ, ಹಾಗಾಗಿ 2020ರಿಂದ ಫುಟ್‌ಬಾಲ್ ತಂಡ ಒಂಟಿ. 2024ರಲ್ಲಿ ಫೆನ್‌ವೇ ಬೌಲ್‌ನಲ್ಲಿ ನಾರ್ತ್ ಕ್ಯಾರೊಲೈನಾವನ್ನು ಸೋಲಿಸಿದ್ದೂ ಸೇರಿ ಒಂಬತ್ತು ಪಂದ್ಯ ಗೆದ್ದಿತು. ಅದರ ಬಗ್ಗೆ ಯಾರೂ ಇಷ್ಟು ಉದ್ದ ಚರ್ಚೆ ಮಾಡುವುದಿಲ್ಲ.

ಇಂಡಿಯಾನಾ ನಿವಾಸಿ

ಎಲ್ಲರ ಮಾತು ಓದಿದ ಮೇಲೆ ನನಗೆ ಮಿಚಿಗನ್ ಕನ್ನಡಿಗರ ಮಾತು ಹೆಚ್ಚು ಸರಿ ಎನಿಸುತ್ತದೆ. ಆದರೆ ಮುಂದಿನ ಅಪಾಯ ಆಯ್ಕೆಯಲ್ಲಿಲ್ಲ, ವೇಳಾಪಟ್ಟಿಯಲ್ಲಿದೆ. 1926ರಲ್ಲಿ ಆರಂಭವಾದ ಯುಎಸ್‌ಸಿ ಸರಣಿ 2025ರ ಪಂದ್ಯದ ನಂತರ ನಿಂತಿದೆ. ಬಿಗ್ ಟೆನ್ ಸೇರಿದ ಯುಎಸ್‌ಸಿಗೆ ತನ್ನ ಕೂಟದ ಒಂಬತ್ತು ಪಂದ್ಯಗಳೇ ಭಾರ. ಎಸ್‌ಇಸಿ ಕೂಡ 2026ರಿಂದ ಒಂಬತ್ತಕ್ಕೆ ಹೋಗುತ್ತಿದೆ. ಎಲ್ಲರೂ ಹೀಗೆ ಒಳಗೊಳಗೇ ಆಡಿಕೊಳ್ಳತೊಡಗಿದರೆ, ನೋಟರ್ ಡೇಮ್ ಯಾರನ್ನು ಗೆದ್ದು ತನ್ನ ಯೋಗ್ಯತೆ ತೋರಿಸಬೇಕು?

ಲೆಕ್ಕಿಗ

ಯೋಗ್ಯತೆ ತೋರಿಸುವ ಚಿಂತೆ 2026ರಿಂದ ಕಡಿಮೆಯಾಗುತ್ತದೆ. ಹೊಸ ಒಪ್ಪಂದದಂತೆ ಅದು ಮೊದಲ ಹನ್ನೆರಡರೊಳಗೆ ಬಂದರೆ ಪ್ಲೇಆಫ್‌ನಲ್ಲಿ ಸ್ಥಾನ ಖಾತರಿ. 2025ರ ಹನ್ನೊಂದನೇ ಸ್ಥಾನಕ್ಕೆ ಆ ನಿಯಮ ಇದ್ದಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ.

ಶಿವಮೊಗ್ಗ–ಶಿಕಾಗೋ

ಹಾಗಾದರೆ ಅದನ್ನು ಇನ್ನು ಸ್ವತಂತ್ರ ತಂಡ ಎನ್ನುವುದೂ ಕಷ್ಟ. ಒಬ್ಬನೇ ಸದಸ್ಯನಿರುವ ಕಾನ್ಫರೆನ್ಸ್ ಎನ್ನಬೇಕು.

ಕಾರವಾರದಾಕೆ

ಹನ್ನೆರಡರೊಳಗೆ ಬರುವುದಕ್ಕೂ ಸೆಪ್ಟೆಂಬರಿನ ಪಂದ್ಯಗಳನ್ನು ಗೆಲ್ಲಲೇಬೇಕು. 2024 ಮತ್ತು 2025ರ ಋತುಗಳಲ್ಲಿ ಅದು ಸೋತ ಮೂರೂ ಲೀಗ್ ಪಂದ್ಯಗಳು ಸೆಪ್ಟೆಂಬರ್ ಮಧ್ಯದೊಳಗೇ ನಡೆದವು, ಮೂರರ ಒಟ್ಟು ಅಂತರ ಆರು ಅಂಕ.

ನಿಧಾನಸ್ಥ

ಲೀಗ್ ಇಲ್ಲದ ತಂಡಕ್ಕೆ ಲೀಗ್ ಪಂದ್ಯ ಎಲ್ಲಿಂದ ಬಂತು ಮೇಡಂ? ಅಂಕಗಳ ಲೆಕ್ಕ ಮಾತ್ರ ಸರಿ.